ಕುಲಕರ್ಣಿಯವರ ಕಳೆದುಹೋದ ಗುರುವಾರ

ಬಿಂದುಮಾಧವ ಕುಲಕರ್ಣಿಯವರ ಮೈಮೇಲೆ ಸದಾ ಎರಡು ದಾರಗಳಿರುತ್ತಿದ್ದವು. ಅಂಗಿಯ ಒಳಗಿನದು ಜನಿವಾರ. ಅಂಗಿಯ ಮೇಲಿನದು ಕಪ್ಪು ದಾರ, ಅದರ ತುದಿಗೊಂದು ಉಕ್ಕಿನ ಸೀಟಿ, ಶಾಲೆಯ ಡ್ರಿಲ್ ಮಾಸ್ತರರು ಊದುವಂಥದ್ದು. ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ ಸ್ವಂತ ಮನೆ, ತಲೆಯ ಮೇಲೆ ಮಾರ್ಟ್‌ಗೇಜ್, ಆಫೀಸಿನಲ್ಲಿ ಕೈಕೆಳಗೆ ಎಂಟು ಜನ, ಐವತ್ತು ದಾಟಿದ ವಯಸ್ಸು. ಇಂಥ ಗೃಹಸ್ಥರೊಬ್ಬರು ರಜೆ ಬಂದೊಡನೆ ಕೊರಳಿಗೆ ಸೀಟಿ ಕಟ್ಟಿಕೊಂಡು ಹೊರಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಅವರು ಅದನ್ನು ತಮಾಷೆಗೆ ಕಟ್ಟಿಕೊಂಡಿರಲಿಲ್ಲ, ಊದುತ್ತಿದ್ದರು.

ರೈಲಿನ ವೇಳಾಪಟ್ಟಿ ತಯಾರಿಸುವುದು ಅವರ ಕೆಲಸ. ಯಾವ ಗಾಡಿ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಎಲ್ಲಿರಬೇಕು ಎಂದು ಬರೆದು ಬರೆದು, ಮನುಷ್ಯರೂ ಹಳಿಯ ಮೇಲೇ ಓಡುತ್ತಾರೆಂದು ನಂಬಿಬಿಟ್ಟಿದ್ದರು. ಧಾರವಾಡದವರು. "ಟೈಮ್ ಅಂದ್ರ ಅತ್ತಿ ಇದ್ಧಂಗ್ರಿ" ಎನ್ನುತ್ತಿದ್ದರು, "ಮರ್ಯಾದಿ ಕೊಟ್ರ ಸುಮ್ನಿರತದ, ಇಲ್ಲಂದ್ರ ಜೀವಾ ತಿಂತದ." ಅವರ ಜೊತೆ ಒಂದು ಪ್ರಯಾಣ ಮಾಡಿದವರಿಗೆ ಜೀವ ತಿನ್ನುವ ಅತ್ತೆ ಯಾರೆಂಬ ಬಗ್ಗೆ ಅನುಮಾನವೇ ಉಳಿಯುತ್ತಿರಲಿಲ್ಲ.

ನಾನು ಅವರ ಕೈಗೆ ಸಿಕ್ಕಿದ್ದು ಅವರ ಹೆಂಡತಿಯ ಮೂಲಕ. ನಾನು ಮಂಗಳೂರಿನ ಕ್ಯಾಥೊಲಿಕ್ ಹೆಂಗಸು, ಹೆಸರು ಲವೀನಾ, ವೆಸ್ಟ್‌ಮೀಡ್‌ನಲ್ಲಿ ನರ್ಸ್. ಮಂದಾಕ್ಕ, ಅಂದರೆ ಮಂದಾಕಿನಿ ಕುಲಕರ್ಣಿ, ನಮ್ಮ ವಾರ್ಡಿನಲ್ಲೇ ಕ್ಲರ್ಕ್. ಅವರಿಬ್ಬರು, ನಾನು ಮತ್ತು ನನ್ನ ಗಂಡ ಸ್ಟ್ಯಾನಿ, ಸ್ಟೇಷನ್ ಪಕ್ಕದ ಬಾಡಿಗೆ ಫ್ಲ್ಯಾಟಿನ ರಘು ಮತ್ತು ಶ್ವೇತಾ ಎಂಬ ಬೆಂಗಳೂರಿನ ಗಂಡ ಹೆಂಡತಿ, ಹೀಗೆ ಆರು ಜನರ ಗುಂಪು. ಗುಂಪಿಗೆ ನಾಯಕರನ್ನು ಯಾರೂ ಆರಿಸಲಿಲ್ಲ. ಕುಲಕರ್ಣಿಯವರು ಮೊದಲ ದಿನವೇ ಎಲ್ಲರಿಗೂ ಲ್ಯಾಮಿನೇಟ್ ಮಾಡಿದ ಹಾಳೆ ಹಂಚಿದರು, ಚುನಾವಣೆ ಮುಗಿಯಿತು.

ಮೊದಲ ಸವಾರಿ ಮೆಲ್ಬರ್ನಿಗೆ, ವ್ಯಾನಿನಲ್ಲಿ. ದಾರಿಯ ಪೆಟ್ರೋಲ್ ಬಂಕುಗಳಲ್ಲಿ ಕಾಫಿ ಮತ್ತು ಟಾಯ್ಲೆಟ್ ಎರಡಕ್ಕೂ ಸೇರಿ ಹನ್ನೆರಡು ನಿಮಿಷ ಎಂದು ಹಾಳೆಯಲ್ಲಿತ್ತು. ಯಾಸ್ ಎಂಬ ಊರಿನ ಹತ್ತಿರ ಹದಿಮೂರನೆಯ ನಿಮಿಷಕ್ಕೆ ಸೀಟಿ ಊದಿ ವ್ಯಾನ್ ಹೊರಡಿಸಿಯೇ ಬಿಟ್ಟರು. ಒಳಗೆ ಐದು ಜನ ಇದ್ದೆವು. ಬಿಟ್ಟುಹೋದವರು ಮಂದಾಕ್ಕ.

"ಸರ್, ಮೇಡಂ ಹತ್ತಿಲ್ಲ!" ಎಂದು ರಘು ಕೂಗಿದ.

"ಗೊತ್ತದ. ಒಮ್ಮೆ ಪಾಠಾ ಕಲಸಬೇಕಾಗ್ತದ" ಎಂದರು ಕುಲಕರ್ಣಿಯವರು. ಎರಡು ಕಿಲೋಮೀಟರ್ ಹೋದ ಮೇಲೆ ಅವರಿಗೇ ಏನು ಹೊಳೆಯಿತೋ, ಮಾತಿಲ್ಲದೆ ಗಾಡಿ ತಿರುಗಿಸಿದರು. ಮಂದಾಕ್ಕ ಬಂಕಿನ ಹೊರಗಿನ ಬೆಂಚಿನ ಮೇಲೆ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದರು. ಅವಸರ ಮಾಡದೆ ಲೋಟ ಖಾಲಿ ಮಾಡಿ ಹತ್ತಿ ಕೂತು, ನನ್ನ ಕಿವಿಯಲ್ಲಿ, "ಪ್ರೀತಿಗೆ ತಿರುಗಿ ಬಂದಾರಂತ ತಿಳೀಬ್ಯಾಡ ಲವೀನಾ, ಮನಿ ಚಾವಿ ನನ್ನ ಪರ್ಸಿನ್ಯಾಗ ಅದ" ಎಂದರು. ಮೆಲ್ಬರ್ನಿನವರೆಗೂ ನಾವು ಹಿಂದಿನ ಸೀಟಿನಲ್ಲಿ ಬಾಯಿಗೆ ಸೆರಗು, ಟವೆಲ್, ಸಿಕ್ಕಿದ್ದು ಒತ್ತಿಕೊಂಡು ನಕ್ಕೆವು.

ಮನುಷ್ಯ ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಈ ಚಟ ಅವರನ್ನು ಊರಿನಲ್ಲೂ ಸುಮ್ಮನೆ ಬಿಟ್ಟಿರಲಿಲ್ಲ. ಅವರ ತಾಯಿ ತೀರಿಕೊಂಡ ಮೊದಲ ವರ್ಷದ ತಿಥಿಯನ್ನು ಧಾರವಾಡದಲ್ಲಿ ಅಣ್ಣನ ಜೊತೆ ಕೂತು ಮಾಡಿದ್ದರಂತೆ. ಆಚಾರ್ಯರು ಬಂದದ್ದು ಇಪ್ಪತ್ತು ನಿಮಿಷ ತಡ. ಕುಲಕರ್ಣಿಯವರು ಮಣೆಯ ಮೇಲೆ ಕೂತೇ ಮೂರು ಸಲ ಗಡಿಯಾರ ತೋರಿಸಿ, ನಡುವೆ ಎದ್ದು, ಮುಂದಿನ ವರ್ಷಕ್ಕೆ ಒಂದು ಟೈಮ್ ಟೇಬಲ್ ಬರೆದುಕೊಡುತ್ತೇನೆ ಎಂದರಂತೆ. ಅಣ್ಣ ಕೈಯಲ್ಲಿದ್ದ ದರ್ಭೆ ಕೆಳಗಿಟ್ಟು, "ನಿನ್ನ ಟೈಮ್ ಟೇಬಲ್ ನಿನ್ನ ಸಿಡ್ನಿಯೊಳಗ ಇಟ್ಕೋ. ಮುಂದಿನ ವರ್ಷದಿಂದ ಅವ್ವಂದು ನೀ ಬ್ಯಾರೆ ಮಾಡು. ಮಾಡ್ತೀ ಅಂತ ನನಗೇನು ನಂಬಿಗಿಲ್ಲ, ನೀ ಊರೂರು ತಿರಗಾಂವ" ಎಂದುಬಿಟ್ಟರು. ಇದೆಲ್ಲ ಮಂದಾಕ್ಕ ನನಗೆ ಹೇಳಿದ್ದು. ಬೇರೆಯಾದ ಅಣ್ಣತಮ್ಮಂದಿರು ತಿಥಿಯನ್ನೂ ಬೇರೆ ಬೇರೆ ಮಾಡುವ ಪದ್ಧತಿ ಅವರಲ್ಲಿದೆಯಂತೆ. ಅವತ್ತಿನಿಂದ ಕುಲಕರ್ಣಿಯವರಿಗೆ ಬದುಕಿನಲ್ಲಿ ಉಳಿದದ್ದು ಒಂದೇ ಹಟ: ಎರಡನೆಯ ವರ್ಷದ ತಿಥಿಯನ್ನು ಸಿಡ್ನಿಯಲ್ಲಿ ತಮ್ಮ ಕೈಯಾರೆ, ಒಂದು ನಿಮಿಷ ಹೆಚ್ಚುಕಮ್ಮಿಯಿಲ್ಲದೆ ಮಾಡಿ, ಅಣ್ಣನಿಗೆ ಫೋನಿನಲ್ಲಿ "ಆತು" ಎಂದು ಹೇಳುವುದು.

ಆ ವರ್ಷವೇ ನಾವು ಮೆಕ್ಸಿಕೋಗೆ ಹೊರಟಿದ್ದು. ಅದು ಎರಡು ಸಾವಿರದ ಹದಿನಾಲ್ಕೋ ಹದಿನೈದೋ. ನಮ್ಮ ಬೇಸಿಗೆ ರಜೆ, ಡಿಸೆಂಬರ್ ಜನವರಿ. ತಿಥಿ ಬಂದಿದ್ದು ಜನವರಿಯ ಒಂದು ಗುರುವಾರ. ಅದರೊಳಗೆ ವಾಪಸ್ ಬರುವಂತೆ ಹಾಳೆ ತಯಾರಾಯಿತು. ಸಿಡ್ನಿಯ ಆಚಾರ್ಯರಿಗೆ ಗುರುವಾರ ಹನ್ನೆರಡೂವರೆ ಎಂದು ಮೂರು ಸಲ ಹೇಳಿ, ನಾಲ್ಕನೆಯ ಸಲ ಇಮೇಲ್ ಮಾಡಿದರು.

ಬೆಳಿಗ್ಗೆ ಹತ್ತಕ್ಕೆ ಸಿಡ್ನಿ ಬಿಟ್ಟ ನಾವು ಲಾಸ್ ಏಂಜಲೀಸ್‌ನಲ್ಲಿ ಇಳಿದಾಗ ಅದೇ ದಿನ, ಅದೂ ಬೆಳಿಗ್ಗೆ ಆರು ಗಂಟೆ. ಹೊರಡುವ ಮೊದಲೇ ತಲುಪಿಬಿಟ್ಟಿದ್ದೆವು. ಕುಲಕರ್ಣಿಯವರು ತಾವೇ ಭೂಮಿಯನ್ನು ಹಿಂದಕ್ಕೆ ತಿರುಗಿಸಿದವರ ಹಾಗೆ ನಮ್ಮತ್ತ ನೋಡಿ, "ಒಂದು ದಿನಾ ಪುಕ್ಕಟ ಸಿಕ್ತು ನೋಡ್ರಿ. ಕೈಯಾಗ ಇರಲಿ, ಬೇಕಾಗ್ತದ" ಎಂದರು. ಅಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ತಟ್ಟಬಾರದಿತ್ತು.

ಮೆಕ್ಸಿಕೋ ನಗರ ಅವರ ಸೀಟಿಗೆ ತಕ್ಕ ಶಾಸ್ತಿ ಮಾಡಿತು. ಅಲ್ಲಿ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸುವವರಿಗೆ ದಾರಿ ತೋರಿಸಲು ಜನ ನಿಂತಿರುತ್ತಾರೆ, ಸೀಟಿ ಊದುತ್ತ, ಕೈಯಲ್ಲಿ ಕೆಂಪು ಬಟ್ಟೆ ಆಡಿಸುತ್ತ. ನಮಗದು ಗೊತ್ತಿರಲಿಲ್ಲ. ಚರ್ಚಿನ ಮುಂದೆ ನಮ್ಮನ್ನು ಒಟ್ಟುಗೂಡಿಸಲು ಕುಲಕರ್ಣಿಯವರು ಪಾದಚಾರಿ ಕಟ್ಟೆಯ ಅಂಚಿನಲ್ಲಿ ನಿಂತು ಜೋರಾಗಿ ಊದಿದರು. ಬೆವರು ಒರೆಸಲು ಇಟ್ಟುಕೊಂಡಿದ್ದ ಕೆಂಪು ಟವೆಲ್ ಬೇರೆ ಕೈಯಲ್ಲಿತ್ತು. ಹೋಗುತ್ತಿದ್ದ ಒಂದು ಹಸಿರು ಕಾರು ಗಕ್ಕನೆ ನಿಂತು ಅವರತ್ತ ಹಿಮ್ಮುಖವಾಗಿ ಬರತೊಡಗಿತು. ಇವರು ಗಾಬರಿಯಾಗಿ ಕೈ ಬೀಸಿ ಇನ್ನೂ ಊದಿದರು. ಕಾರಿನವನು ಆ ಪ್ರಕಾರವೇ ಸ್ಟಿಯರಿಂಗ್ ತಿರುಗಿಸಿ ಎರಡು ಕಾರುಗಳ ನಡುವೆ ಚೊಕ್ಕವಾಗಿ ನಿಲ್ಲಿಸಿ, ಇಳಿದು ಬಂದು ಇವರ ಅಂಗೈಗೆ ಒಂದು ನಾಣ್ಯ ಒತ್ತಿದ. ಇವರು ಬೇಡ ಬೇಡ ಎಂದು ತಲೆಯಾಡಿಸಿದ್ದಕ್ಕೆ, ಕಡಿಮೆಯಾಯಿತೇನೋ ಎಂದು ಇನ್ನೊಂದು ಒತ್ತಿದ.

"ಪರವಾಗಿಲ್ಲ ಸರ್, ವರ್ಕ್ ವೀಸಾ ಇಲ್ದೆನೇ ಕೆಲ್ಸ ಸಿಕ್ತು" ಎಂದ ರಘು. ಕುಲಕರ್ಣಿಯವರು ಎರಡು ದಿನ ಅವನ ಜೊತೆ ಮಾತು ಬಿಟ್ಟರು.

ಅಲ್ಲಿಂದ ಗುವಾನಾಹ್ವಾತೊ, ಗ್ವಾದಲಹಾರಾ ಎಂಬ ಊರುಗಳು. ಬಣ್ಣಬಣ್ಣದ ಮನೆಗಳು, ಇಳಿಜಾರು ಓಣಿಗಳು, ಹಾದಿಯಲ್ಲಿ ಬೇಯಿಸಿ ಕೊಡುವ ಜೋಳದ ತೆನೆ. ಇವೆಲ್ಲ ನಮ್ಮ ಪಾಲಿಗೆ ಹನ್ನೆರಡು ಅಥವಾ ಇಪ್ಪತ್ತು ನಿಮಿಷದ ತುಂಡುಗಳು. ವ್ಯಾನಿನ ಚಾಲಕ ಮಾರ್ಟಿನ್ ಮಾತ್ರ ಹಾಳೆಯನ್ನು ಬಹಳ ಭಕ್ತಿಯಿಂದ ತೆಗೆದುಕೊಂಡು, ಅದರ ಮೇಲೆ ತನ್ನ ಊಟವಿಟ್ಟುಕೊಂಡು ತಿನ್ನುತ್ತಿದ್ದ. ಲ್ಯಾಮಿನೇಟ್ ಆದ್ದರಿಂದ ಒರೆಸಲು ಸುಲಭ. ಹೊರಡುವ ಹೊತ್ತಿಗೆ ಮಾರ್ಟಿನ್ ಬಂದಿದ್ದು ಒಂದು ದಿನವೂ ಇಲ್ಲ, ಆದರೆ ಅವನು ಬಂದ ಹೊತ್ತಿಗೇ ನಾವು ನೋಡಬೇಕಾದ ಜಾಗಗಳ ಬಾಗಿಲುಗಳೆಲ್ಲ ತೆರೆದಿರುತ್ತಿದ್ದವು. ಇದು ಕುಲಕರ್ಣಿಯವರನ್ನು ಅವನ ತಡಕ್ಕಿಂತ ಹೆಚ್ಚು ಕೆರಳಿಸಿತು.

ಕೊನೆಗೆ ಪುಯೆರ್ತೊ ವಯಾರ್ತದ ಸಮುದ್ರ ತೀರ. ಬೆಚ್ಚಗಿನ ನೀರು, ನೀರಿಗೆ ದಬಕ್ಕನೆ ಬೀಳುವ ಪೆಲಿಕನ್ ಹಕ್ಕಿಗಳು, ಮೆಣಸಿನಪುಡಿ ನಿಂಬೆರಸ ಹಾಕಿದ ಸೌತೆಕಾಯಿ. ಹಾಳೆಯ ಪ್ರಕಾರ ಮಂಗಳವಾರ ಹೊರಡಬೇಕಿತ್ತು. ಸೋಮವಾರ ನಮಗೆಲ್ಲ ಒಂದು ದಿನ ಹೆಚ್ಚು ಇರಬೇಕೆನಿಸಿತು. ಕೇಳುವ ಧೈರ್ಯ ಯಾರಿಗೂ ಇಲ್ಲ. ನಾನು ಕೇಳಿದೆ. ರೋಗಿಗಳಿಗೆ ಮಾತ್ರೆ ನುಂಗಿಸಿ ಅಭ್ಯಾಸವಿದ್ದ ನಾಲಿಗೆ, ಹೊಗಳಿಕೆಯಲ್ಲಿ ಅದ್ದಿಯೇ ಕೇಳಿದೆ.

"ಸರ್, ನೀವು ಬರುವಾಗ ಒಂದು ದಿನ ಉಳಿಸಿ ಕೊಟ್ಟಿದ್ದೀರಲ್ಲ, ಅದು ಹಾಗೇ ಉಂಟಲ್ಲ ಮಾರಾಯ್ರೆ? ಅದನ್ನು ಇಲ್ಲಿ ಖರ್ಚು ಮಾಡುವ. ಬೇರೆ ಯಾರಿಗೆ ಇಂಥ ಲೆಕ್ಕ ಬರ್ತದೆ?"

ಕುಲಕರ್ಣಿಯವರು ಹಾಳೆ ತೆಗೆದರು. ಅದರಲ್ಲಿ ತಾರೀಖುಗಳಿರಲಿಲ್ಲ, ಒಂದನೆಯ ದಿನ, ಎರಡನೆಯ ದಿನ ಎಂದಷ್ಟೇ ಇತ್ತು. ಬೆರಳ ಗೆಣ್ಣುಗಳ ಮೇಲೆ ಎಣಿಸಿದರು. ಬುಧವಾರ ರಾತ್ರಿ ಲಾಸ್ ಏಂಜಲೀಸ್ ಬಿಟ್ಟರೆ ಗುರುವಾರ ಬೆಳಿಗ್ಗೆ ಎಂಟೂವರೆಗೆ ಸಿಡ್ನಿ, ಹತ್ತೂವರೆಗೆ ಮನೆ, ಹನ್ನೊಂದಕ್ಕೆ ಸ್ನಾನ, ಹನ್ನೆರಡೂವರೆಗೆ ಸಂಕಲ್ಪ. ಕೂತಿತು.

"ಟಿಕೆಟ್ ಒಮ್ಮೆ ನೋಡ್ರಿ, ಯಾವಾಗ ಮುಟ್ಟತದಂತ" ಎಂದರು ಮಂದಾಕ್ಕ.

"ಮಂದಿ ಮಾಡಿದ ಟೈಮ್ ಟೇಬಲ್ ಓದೂ ಚಟಾ ನನಗಿಲ್ಲ" ಎಂದು ಕುಲಕರ್ಣಿಯವರು ಅಲ್ಲೇ ಫೋನ್ ಮಾಡಿ ಆರೂ ಟಿಕೆಟ್ ಬದಲಾಯಿಸಿದರು.

ಆ ಬುಧವಾರದ ಕುಲಕರ್ಣಿಯವರನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ತಾವೇ ಕೊಟ್ಟ ದಿನವಾದ್ದರಿಂದ ಅದಕ್ಕೆ ಹಾಳೆಯಿರಲಿಲ್ಲ. ಬೆಳಿಗ್ಗೆ ನುಣ್ಣಗೆ ಗಡ್ಡ ಬೋಳಿಸಿಕೊಂಡರು. ಸೀಟಿಯನ್ನು ಮಂದಾಕ್ಕನ ಚೀಲಕ್ಕೆ ಹಾಕಿದರು. ಹಸಿ ಈರುಳ್ಳಿ ಬೆರೆಸಿದ ಬೆಣ್ಣೆಹಣ್ಣಿನ ಚಟ್ನಿಯನ್ನು ಚಮಚದಲ್ಲೇ ತಿಂದರು. ಸ್ಟ್ಯಾನಿ ಒಂದು ಬಿಯರ್ ಬಾಟಲಿ ಚಾಚಿದಾಗ ಅತ್ತಿತ್ತ ನೋಡಿ ತೆಗೆದುಕೊಂಡರು. ಮಧ್ಯಾಹ್ನ ಒಂದರಿಂದ ಸುಮಾರು ಎರಡೂವರೆವರೆಗೆ ಎದೆಮಟ್ಟದ ನೀರಿನಲ್ಲಿ, ಹೊಂಡಕ್ಕೆ ಬಿದ್ದ ಎಮ್ಮೆಯ ಹಾಗೆ, ಏಳುವ ಯೋಚನೆಯೇ ಇಲ್ಲದೆ ನಿಂತಿದ್ದರು. ನಾನು ಪಕ್ಕದಲ್ಲಿದ್ದೆ.

"ನಮ್ಮವ್ವ ಗಡಿಯಾರಾ ನೋಡತಿದ್ದಿಲ್ರಿ" ಎಂದರು ಇದ್ದಕ್ಕಿದ್ದಂತೆ. "ಹಾಲಿನಾಕಿ ಬಂದ್ಲಂದ್ರ ಆರು, ಪೋಸ್ಟಿನಾಂವ ಬಂದಾಂದ್ರ ಹನ್ನೊಂದು. ಅವ ಬರಲಿಲ್ಲಂದ್ರ ಹನ್ನೊಂದು ಆಗಿಲ್ಲಂತನ. ನಾ ಸಾಲಿಗೆ ದಿನಾ ತಡಾ. ದಿನಾ ಹೊಡಿಸ್ಕೋತಿದ್ದೆ." ಹೇಳಿ ಗಟ್ಟಿಯಾಗಿ ನಕ್ಕರು. ನಾನೂ ನಕ್ಕೆ. ಅವರ ಸೀಟಿ ಎಲ್ಲಿಂದ ಬಂತೆಂದು ಆಗ ತಿಳಿಯಿತು, ಮತ್ತು ಅಷ್ಟು ದಿನದಲ್ಲಿ ಮೊದಲ ಸಲ ಈ ಮನುಷ್ಯ ನನಗೆ ಇಷ್ಟವಾದರು.

ಸಿಡ್ನಿಯ ವಿಮಾನದಲ್ಲಿ ನನ್ನ ಸೀಟು ಅವರ ಪಕ್ಕದಲ್ಲಿತ್ತು. ಬೆಳಗಿನ ತಿಂಡಿ ಕೊಡುವ ಹೊತ್ತಿಗೆ ಎದುರಿನ ಪರದೆಯ ಮೇಲೆ ತಲುಪುವ ಸಮಯ ಬಂತು: ಶುಕ್ರವಾರ, ಎಂಟೂವರೆ. ಅವರು ಕನ್ನಡಕ ಒರೆಸಿ ಮತ್ತೆ ನೋಡಿದರು. ಗೆಣ್ಣು ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಆಮೇಲೆ ಗಗನಸಖಿಯನ್ನು ಕರೆದು, ಬಹಳ ವಿನಯದ ಇಂಗ್ಲಿಷಿನಲ್ಲಿ, ಗುರುವಾರ ಎಲ್ಲಿ ಹೋಯಿತು ಎಂದು ಕೇಳಿದರು. ಅವಳು ನಕ್ಕು, ಈ ವಿಮಾನದಲ್ಲಿ ಗುರುವಾರ ಕೊಡುವುದಿಲ್ಲ ಸರ್, ಕಾಫಿ ಕೊಡಲೇ ಎಂದಳು.

ಹಿಂದಿನ ಸಾಲಿನಲ್ಲಿ ರಘು ಕಿಸಕ್ಕನೆ ನಕ್ಕ. ನನಗೂ ನಗು ಬಂತು, ಸುಳ್ಳು ಹೇಳುವುದಿಲ್ಲ. ಹೋಗುವಾಗ ಪುಕ್ಕಟೆ ಸಿಕ್ಕ ದಿನವನ್ನು ಬರುವಾಗ ಹಿಂದಿರುಗಿಸಬೇಕೆಂಬುದು ರೈಲುಗಳಿಗೆ ಸಮಯ ಬರೆದುಕೊಡುವವರಿಗೆ ಹೊಳೆದಿರಲಿಲ್ಲ. ಆಮೇಲೆ ಅವರ ಮುಖ ನೋಡಿದೆ. ಮಂಗಳವಾರವೇ ಹೊರಟಿದ್ದರೆ ಗುರುವಾರ ಬೆಳಿಗ್ಗೆ ಇಳಿಯುತ್ತಿದ್ದೆವು, ಹನ್ನೆರಡೂವರೆಗೆ ಅವರು ಮಣೆಯ ಮೇಲೆ ಇರುತ್ತಿದ್ದರು. ಕಾಫಿ ತಣ್ಣಗಾಗುವವರೆಗೂ ಅವರು ಅದನ್ನು ಮುಟ್ಟಲಿಲ್ಲ.

ಸ್ಕೋಫೀಲ್ಡ್ಸ್‌ನ ಮನೆಯ ಬಾಗಿಲಲ್ಲಿ ಬಾಳೆಲೆಯ ಒಂದು ಕಟ್ಟು ಬಾಡಿ ಬಿದ್ದಿತ್ತು. ಹಿಂದಿನ ದಿನ ಆಚಾರ್ಯರು ಬಂದು, ಬೆಲ್ ಒತ್ತಿ, ಕಾದು, ಇಟ್ಟು ಹೋಗಿದ್ದರು. ಕುಲಕರ್ಣಿಯವರು ಮೆಟ್ಟಿಲ ಮೇಲೆ ನಿಂತೇ ಅವರಿಗೆ ಫೋನ್ ಮಾಡಿದರು. ಆಚಾರ್ಯರು ಬೆಂಗಳೂರಿನವರು, ಬೈಯುವವರಲ್ಲ. ಪಂಚಾಂಗ ನೋಡಿ ಸಮಾಧಾನದಿಂದಲೇ ವಿವರಿಸಿದರು. ಅವರ ದನಿ ನಮಗೂ ಕೇಳುತ್ತಿತ್ತು.

"ಇಲ್ಲಿ ಗುರುವಾರ ಆದ್ರೆ ಅಲ್ಲಿ ಅದೇ ತಿಥಿ ಬುಧವಾರ ಮಧ್ಯಾಹ್ನಾನೇ ಬಂದಿತ್ತು ರಾಯರೇ. ಇರೋ ಜಾಗಕ್ಕೆ ತಿಥಿ ಬರುತ್ತೆ. ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ. ಅಲ್ಲೇ ನೀರಲ್ಲಿ ನಿಂತು ಒಂದು ಬೊಗಸೆ ಎಳ್ಳು ನೀರು ಬಿಟ್ಟಿದ್ರೂ ಆಗ್ತಿತ್ತು."

ನೀರಿನಲ್ಲೇ ನಿಂತಿದ್ದರು. ಬೊಗಸೆಯಲ್ಲಿ ಬಿಯರ್ ಬಾಟಲಿ ಇತ್ತು. ಅವರು ತಿಥಿಯ ದಿನ ಕತ್ತಿ ತಾಗಬಾರದಿದ್ದ ತಮ್ಮ ಗಲ್ಲವನ್ನು ಒಮ್ಮೆ ಸವರಿಕೊಂಡು, "ಅವ್ವ ಬಂದಿದ್ಲು ಹಂಗಾರ. ಬಂದು ಹಸದು ಹೋದ್ಲು" ಎಂದರು. ಅಷ್ಟರಲ್ಲಿ ಫೋನ್ ಮತ್ತೆ ಸದ್ದು ಮಾಡಿತು. ಧಾರವಾಡದಿಂದ ಅಣ್ಣ. ಕುಲಕರ್ಣಿಯವರು ನಮಗೆ ಬೆನ್ನು ತಿರುಗಿಸಿ, "ಆತಣ್ಣಾ. ಛಲೋ ಆತು" ಎಂದರು.

ಎರಡು ನಿಮಿಷದ ತಡವನ್ನು ಒಪ್ಪದ ಮನುಷ್ಯ ಆ ಎರಡು ಮಾತಿನ ಸುಳ್ಳನ್ನು ಇಟ್ಟುಕೊಂಡು ಒಂದು ವರ್ಷ ಕಳೆದರು. ನಮ್ಮ ಗುಂಪಿನ ವಾಟ್ಸಾಪ್‌ನಿಂದ ಹೊರಬಿದ್ದರು. ಚಳಿಗಾಲ ಮುಗಿಯುವ ಹೊತ್ತಿಗೆ, ಮಗಳು ಅಲ್ಲಿದ್ದಾಳೆಂಬ ನೆಪದಲ್ಲಿ ಮನೆ ಮಾರಿ ಮೆಲ್ಬರ್ನಿನ ಕ್ರೇಗಿಬರ್ನ್‌ಗೆ ಹೋದರು. ರಘು ಈಗಲೂ ಯಾವ ಪಾರ್ಟಿಯಲ್ಲಾದರೂ ಗುರುವಾರದ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಾನೆ. ನಾನೂ ಒಂದೆರಡು ಸಲ ಹೇಳಿದ್ದೇನೆ, ಬಿಯರಿನ ತನಕ ಹೇಳಿ ನಿಲ್ಲಿಸುತ್ತಿದ್ದೆ.

ಮರುವರ್ಷದ ತಿಥಿಗೆ ಆರು ಜನರಲ್ಲಿ ನನ್ನೊಬ್ಬಳನ್ನು ಕರೆದರು. ಬ್ರಾಹ್ಮಣರ ತಿಥಿ ಊಟಕ್ಕೆ ಮಂಗಳೂರಿನ ಕ್ಯಾಥೊಲಿಕ್ ಹೆಂಗಸು ಎಂತ ಮಾಡುವುದು ಎಂದು ಮಂದಾಕ್ಕನನ್ನು ಕೇಳಿದೆ. "ನೀ ಬಾ. ಅವರಿಗೆ ಬೇಕಂತ" ಎಂದರು. ಹೋದೆ. ಕುಲಕರ್ಣಿಯವರು ವಾರವಿಡೀ ರಜೆ ಹಾಕಿ, ನಾಲ್ಕು ದಿನದಿಂದ ಮನೆಯ ಗೇಟು ದಾಟಿರಲಿಲ್ಲವಂತೆ, ದಿನ ಮತ್ತೆ ಎಲ್ಲಿ ತಪ್ಪಿಸಿಕೊಂಡು ಹೋಗುತ್ತದೋ ಎಂದು. ಎಲ್ಲ ಕ್ರಮವಾಗಿ ಮುಗಿಯಿತು. ಪಿಂಡ, ತರ್ಪಣ, ಹಿತ್ತಲ ಬೇಲಿಯ ಮೇಲೆ ಕಾಗೆಗಿಟ್ಟ ಅನ್ನ. ಆಮೇಲೆ ಒದ್ದೆ ಪಂಚೆಯಲ್ಲೇ ಊಟದ ಮೇಜಿನ ಬಳಿ ಕೂತು, ನನ್ನನ್ನು ಎದುರಿಗೆ ಕೂರಿಸಿಕೊಂಡು, ಸ್ಪೀಕರ್ ಹಾಕಿ ಧಾರವಾಡಕ್ಕೆ ಫೋನ್ ಮಾಡಿದರು.

"ಅಣ್ಣಾ, ಆತು" ಎಂದರು. "ಒಂದು ಮಾತು ಹೇಳೂದದ. ಹೋದ ವರ್ಷ ನಾ ಮಾಡಿಲ್ಲ. ನಿನ್ನ ಮುಂದ ಸುಳ್ಳು ಹೇಳಿದೆ. ದಿನಾ ತಪ್ಪಿತು, ಅಣ್ಣಾ."

ಆ ಕಡೆ ಯಾರೋ ಪಾತ್ರೆ ಸರಿಸುವ ಸದ್ದು.

"ಗೊತ್ತದೋ" ಎಂದಿತು ಮುದಿ ದನಿ.

"ಯಾರು ಹೇಳಿದ್ರು?"

"ಯಾರು ಹೇಳಬೇಕು? ನಿನ್ನ ಕೈಲೆ ಆಗೂದಿಲ್ಲಂತ ನನಗ ಮೊದಲ ಗೊತ್ತಿತ್ತು. ಅದಕ್ಕ ಸಂಕಲ್ಪದಾಗ ನನ್ನ ಹೆಸರಿನ ಜೋಡಿ ನಿನ್ನ ಹೆಸರೂ ಹೇಳಿದೆ. ಈ ವರ್ಷಾನೂ ಹೇಳಾಂವ ಇದ್ದೀನಿ. ಅವ್ವ ಉಪಾಸ ಹೋಗಿಲ್ಲ. ನೀ ಊಟಾ ಮಾಡು ಹೋಗು."

ಫೋನ್ ನಿಂತಿತು. ಕುಲಕರ್ಣಿಯವರು ನನ್ನನ್ನು ನೋಡಿ ನಗಲು ಪ್ರಯತ್ನಪಟ್ಟರು. "ಕೇಳಿದ್ರ್ಯಾ ಲವೀನಾ? ನಾ ಮಾಡೂದಿಲ್ಲಂತ ಅಂವಗ ಎಷ್ಟು ಖಾತ್ರಿ. ಈ ವರ್ಷಾನೂ." ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ಇಷ್ಟು ವರ್ಷ ಆ ಮನುಷ್ಯನನ್ನು ನೋಡಿ ನಕ್ಕವಳು ನಾನು. ಅವತ್ತು ಲೋಟಕ್ಕೆ ನೀರು ಬಗ್ಗಿಸಿ ಅವರತ್ತ ಸರಿಸಿದೆ. ಮಂದಾಕ್ಕ ಬಂದು ಅವರ ಎಲೆಗೆ ಅನ್ನ ಬಡಿಸಿದರು.

ಅದೇ ಕೊನೆ, ಮತ್ತೆ ಅವರನ್ನು ನಾನು ಕಂಡಿಲ್ಲ. ನಮ್ಮ ಗುಂಪು ಆಮೇಲೆ ಎಲ್ಲಿಗೂ ಹೋಗಲಿಲ್ಲ, ಹೊರಡಿಸುವವರಿರಲಿಲ್ಲ. ಅವರು ಈಗ ತಿಥಿಗೆ ಪ್ರತಿವರ್ಷ ಧಾರವಾಡಕ್ಕೆ ಹೋಗುತ್ತಾರಂತೆ. "ಅಣ್ಣನ ಹಿಂದ ಕೂಡತಾರ" ಎಂದು ಮಂದಾಕ್ಕ ಫೋನಿನಲ್ಲಿ ಹೇಳಿದರು. "ಆಚಾರ್ರು ಎಷ್ಟು ತಡಾ ಮಾಡಿ ಬಂದ್ರೂ ಒಂದು ಮಾತಿಲ್ಲ." ನನ್ನ ವಿಷಯ ಏನಾದರೂ ಹೇಳುತ್ತಾರೆಯೇ ಎಂದು ಕೇಳಿದೆ. ಆರಾಮಿದ್ದಾಳೇನು ಅಂತ ಕೇಳುತ್ತಾರೆ, ಅಷ್ಟೇ ಎಂದರು. ಆ ಒಂದು ದಿನವನ್ನು ಹೊಗಳಿ ಕೇಳಿ ಪಡೆದವಳು ನಾನೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಒಮ್ಮೆಯೂ ಅವರು ನನ್ನನ್ನು ದೂರಲಿಲ್ಲ. ದೂರಿದ್ದರೆ ಜಗಳವಾಡಿ ಮುಗಿಸಿಬಿಡಬಹುದಿತ್ತು.